ಹತ್ತು ದೇಶದ ಸೌಟು

“ಗುರುಗಳೇ, ಹತ್ತು ದೇಶದವರು ಒಂದೆಡೆ ಕೂತು, ಅಳೆದು ತೂಗಿ ಒಪ್ಪಿಕೊಂಡ ನಿಯಮ. ಅದನ್ನು ಇದ್ದದ್ದು ಇದ್ದ ಹಾಗೆ ಜಾರಿ ಮಾಡುವ ಅಧಿಕಾರಿಯಿಂದ ತಪ್ಪಾಗುವುದುಂಟೆ?”

ಕೇಳಿದವನು ಶಿಷ್ಯ ಚೆನ್ನವೀರ. ಅವನಿಗೆ ಅರಮನೆಯಿಂದ ಕರೆ ಬಂದಿತ್ತು. ಬಂದರಿನ ಸುಂಕದ ಕಟ್ಟೆಯಲ್ಲಿ ಅಧಿಕಾರಿಯಾಗಿ ಕೂರಬೇಕಿತ್ತು. ಹೊರಡುವ ಮುಂಚೆ ಗುರುಗಳ ಕಾಲಿಗೆ ಬಿದ್ದು ಹೋಗೋಣವೆಂದು ಬಂದಿದ್ದ. ಪ್ರಶ್ನೆ ಕೇಳಿದನಾದರೂ ಉತ್ತರ ತನಗೆ ಗೊತ್ತು ಎಂಬ ಧೈರ್ಯ ಮುಖದಲ್ಲೇ ಕಾಣುತ್ತಿತ್ತು.

“ಕೂತುಕೋ ಮಾರಾಯ,” ಎಂದರು ಗುರುಗಳು. “ನಿಂತುಕೊಂಡು ಕೇಳುವ ಪ್ರಶ್ನೆಯಲ್ಲ ಅದು. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಒಂದು ಸಣ್ಣ ರಾಜ್ಯವಿತ್ತು. ಅಲ್ಲಿನ ಜೇನು ಹಡಗು ಹತ್ತಿ ದೂರದ ದೇಶಗಳಿಗೆ ಹೋಗುತ್ತಿತ್ತು. ಕೆಲವು ವ್ಯಾಪಾರಿಗಳು ಅದಕ್ಕೆ ನೀರು ಬೆರೆಸಿದರು. ಕೊಂಡವರು ಸಿಟ್ಟಾದರು. ಪೀಪಾಯಿಗಳು ಹೋದ ಹಡಗಿನಲ್ಲೇ ವಾಪಸು ಬಂದವು. ಆಗ ಜೇನು ಮಾರುವ, ಕೊಳ್ಳುವ ಹತ್ತು ದೇಶಗಳು ಕೂಟ ಸೇರಿ ಒಂದು ನಿಯಮ ಮಾಡಿದವು. ಸೌಟಿನಿಂದ ಸುರಿದರೆ ಜೇನು ದಾರದ ಹಾಗೆ ಇಳಿಯಬೇಕು, ನಡುವೆ ತುಂಡಾಗಬಾರದು. ತುಂಡಾದರೆ ಅದು ನೀರು ಬೆರೆತ ಜೇನು. ಅಳತೆಯಲ್ಲಿ ಹೆಚ್ಚುಕಡಿಮೆಯಾಗದಿರಲಿ ಎಂದು ಒಂದೇ ಬಗೆಯ ಹಿತ್ತಾಳೆ ಸೌಟು ಮಾಡಿಸಿ ಎಲ್ಲರೂ ಹಂಚಿಕೊಂಡರು. ನಿಯಮ ಕೆಟ್ಟದ್ದೇನಲ್ಲ ಕಣಯ್ಯ. ಆ ಕೂಟದಲ್ಲಿ ನಾನೇ ಕೂತಿದ್ದರೂ ಹೂಂ ಅನ್ನುತ್ತಿದ್ದೆ. ವರ್ಷಕ್ಕೊಮ್ಮೆ ಮತ್ತೆ ಸೇರೋಣ, ಯಾರ ನೆಲಕ್ಕಾದರೂ ಇದು ಹೊಂದದಿದ್ದರೆ ಬಂದು ಹೇಳಲಿ, ತಿದ್ದೋಣ ಎಂದೂ ಮಾತಾಗಿತ್ತು.

ರಾಜ ಆ ನಿಯಮವನ್ನೇ ತನ್ನ ರಾಜ್ಯದ ಕಾನೂನು ಮಾಡಿದ. ಹಡಗಿನ ಜೇನಿಗೆ ಒಂದು ಕಾನೂನು, ಸಂತೆಯ ಜೇನಿಗೆ ಇನ್ನೊಂದು ಎಂದು ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಎಲ್ಲಕ್ಕೂ ಅದೇ ಸೌಟು. ತಪ್ಪಿಗೆ ಶಿಕ್ಷೆಯೂ ನಿಗದಿಯಾಯಿತು. ಮೊದಲ ಸಲ ಸಿಕ್ಕಿಬಿದ್ದರೆ ಜೇನು ಮಣ್ಣುಪಾಲು. ಇನ್ನೊಮ್ಮೆ ಸಿಕ್ಕಿಬಿದ್ದರೆ ಸಂತೆಯಲ್ಲಿ ಡಂಗುರ. ಆಮೇಲೂ ಸಿಕ್ಕಿಬಿದ್ದರೆ ಸಂತೆಗೆ ಕಾಲಿಡುವ ಹಾಗಿಲ್ಲ.

ಆ ರಾಜ್ಯದ ಒಂದು ಸಂತೆಗೆ ಒಬ್ಬ ಹೆಂಗಸು ಮಿಸ್ರಿ ಜೇನು ತರುತ್ತಿದ್ದಳು. ನೀನು ಪೇಟೆಯವನು, ನಿನಗೆ ಗೊತ್ತಿರಲಿಕ್ಕಿಲ್ಲ. ಮಿಸ್ರಿ ಎಂದರೆ ಸೊಳ್ಳೆಯಷ್ಟೇ ಇರುವ ಹುಳ. ಅದಕ್ಕೆ ಮುಳ್ಳಿಲ್ಲ. ಗೋಡೆಯ ಬಿರುಕಿನಲ್ಲಿ, ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ಅದರ ಜೇನು ಹುಟ್ಟಿನಿಂದಲೇ ತೆಳು, ಸ್ವಲ್ಪ ಹುಳಿ. ಸಿಗುವುದೂ ಕಡಿಮೆ. ಮಕ್ಕಳ ಬಾಯಿಹುಣ್ಣಿಗೆ ಅದೇ ಮದ್ದು ಎಂದು ಊರಿನ ತಾಯಂದಿರು ಹುಡುಕಿಕೊಂಡು ಬರುತ್ತಿದ್ದರು. ಅವಳು ಮನೆಯ ಸೂರಿನಡಿ ಗಡಿಗೆಗಳನ್ನು ಕಟ್ಟಿ ಆ ಹುಳ ಸಾಕಿದ್ದಳು. ಗಂಡ ಸತ್ತ ಮೇಲೆ ಅವಳ ಹೊಟ್ಟೆ ತುಂಬುತ್ತಿದ್ದುದು ಅದರಿಂದಲೇ.

ಒಂದು ಸಂತೆಯ ದಿನ ಅರಮನೆಯ ಅಧಿಕಾರಿಯೊಬ್ಬ ಬಂದು ಅವಳ ಗಡಿಗೆಗೆ ಸೌಟು ಅದ್ದಿ ಎತ್ತಿದ. ಜೇನು ತೊಟ್ಟು ತೊಟ್ಟಾಗಿ ಬಿತ್ತು.

“ಇದರಲ್ಲಿ ನೀರಿದೆ,” ಎಂದ.

“ಅಯ್ಯೋ, ನೀರಲ್ಲ ಸ್ವಾಮಿ, ಈ ಜೇನು ಇರುವುದೇ ಹೀಗೆ. ಇಂಥದ್ದೂ ಒಂದು ಜೇನಿದೆ ಅಂತ ಅರಮನೆಗೆ ಒಂದು ಮಾತು ಹೇಳಿ. ನಿಮ್ಮ ದಮ್ಮಯ್ಯ.”

“ಹೇಳುವುದು ನನ್ನ ಕೆಲಸವಲ್ಲಮ್ಮ. ಸೌಟು ಕೊಟ್ಟಿದ್ದಾರೆ, ಸುರಿದು ನೋಡುತ್ತೇನೆ. ಅಷ್ಟೇ.”

ಜೇನನ್ನು ಅಲ್ಲೇ ನೆಲಕ್ಕೆ ಸುರಿಸಿದ. ಅವಳು ಮುಂದಿನ ಸಂತೆಗೂ ಅದೇ ಜೇನು ತಂದಳು. ಬೇರೆ ಜೇನು ಅವಳಲ್ಲಿ ಎಲ್ಲಿತ್ತು? ಈ ಸಲ ಡಂಗುರದವನು ಅವಳ ಹೆಸರು ಹಿಡಿದು, ಇವಳು ಕಲಬೆರಕೆಯವಳು ಎಂದು ಸಂತೆಯ ತುಂಬ ಕೂಗಿಕೊಂಡು ಬಂದ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬರುತ್ತಿದ್ದ ತಾಯಂದಿರು ಮುಖ ತಿರುಗಿಸಿಕೊಂಡು ಹೋದರು. ಜೇನು ಮಣ್ಣಿಗೆ ಬಿದ್ದಾಗ ಅಳದವಳು ಅವತ್ತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು.

ಪಕ್ಕದಲ್ಲಿ ಕೂರುತ್ತಿದ್ದ ವ್ಯಾಪಾರಿಗೆ ಅಯ್ಯೋ ಪಾಪ ಅನ್ನಿಸಿರಬೇಕು. ಬೆಲ್ಲದ ಪಾಕ ಬೆರೆಸು, ಸೌಟು ಒಪ್ಪುತ್ತದೆ ಎಂದು ಅವಳ ಕಿವಿಯಲ್ಲಿ ಹೇಳಿದ. ನೀರು ಬೆರೆಸುತ್ತಿದ್ದವರೆಲ್ಲ ಯಾವತ್ತೋ ಬೆಲ್ಲಕ್ಕೆ ಹೊರಳಿಕೊಂಡಿದ್ದರು ನೋಡು. ಇನ್ನೊಮ್ಮೆ ಸಿಕ್ಕಿಬಿದ್ದರೆ ಸಂತೆಯೇ ಇಲ್ಲ, ಸಂತೆ ಇಲ್ಲದಿದ್ದರೆ ಊಟವಿಲ್ಲ. ಅವಳು ಪಾಕ ಕಾಯಿಸಿದಳು, ಬೆರೆಸಿದಳು, ತಂದಳು.

ಅಧಿಕಾರಿ ಸೌಟು ಎತ್ತಿದ. ಜೇನು ದಾರದ ಹಾಗೆ ಇಳಿಯಿತು. ಅವನು ಖುಷಿಯಾಗಿ ಗಡಿಗೆಯ ಮೇಲೆ ಅರಮನೆಯ ಮುದ್ರೆ ಒತ್ತಿದ. ಹುಟ್ಟಿದಂದಿನಿಂದ ಒಂದು ಹನಿ ಮೋಸ ಮಾಡದವಳು ಮೋಸ ಮಾಡಿದ ದಿನವೇ ಶುದ್ಧ ಜೇನಿನವಳು ಅನ್ನಿಸಿಕೊಂಡಳು. ಅವತ್ತು ಅವಳು ಊಟ ಮಾಡದೆ ಮಲಗಿದಳು.

ಆಮೇಲೆ ಎಲ್ಲ ಸಲೀಸಾಯಿತು. ಪಾಕವೇ ಜೇನಾದ ಮೇಲೆ ಹುಳ ಯಾಕೆ ಬೇಕು? ಸೂರಿನ ಗಡಿಗೆಗಳನ್ನು ಅವಳು ಬಿಚ್ಚಿಹಾಕಿದಳು. ಆ ಸಂತೆಯಲ್ಲಿ ಕಲಬೆರಕೆಯೇ ಇಲ್ಲ ಎಂದು ಅಧಿಕಾರಿ ಅರಮನೆಗೆ ತಿಳಿಸಿದ. ಅರಮನೆಯ ದೂತ ವರ್ಷ ವರ್ಷ ಹತ್ತು ದೇಶದ ಕೂಟಕ್ಕೆ ಹೋಗಿ, ನಮ್ಮಲ್ಲಿ ಏನೂ ತೊಂದರೆಯಿಲ್ಲ ಎಂದು ಹೇಳಿ, ಊಟ ಮಾಡಿಕೊಂಡು ಬಂದ. ಕೂಟದವರು ಅವನ ಬೆನ್ನು ತಟ್ಟಿ ಕಳಿಸಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಅದೇ ಅಧಿಕಾರಿ ಅವಳ ಮನೆ ಬಾಗಿಲಿಗೆ ಬಂದ. ತಲೆಯ ಮೇಲೆ ಪೇಟವಿರಲಿಲ್ಲ.

“ಮೊಮ್ಮಗಳಿಗೆ ಬಾಯಿ ತುಂಬ ಹುಣ್ಣಾಗಿದೆ. ಅನ್ನ ಹಾಗಿರಲಿ, ನೀರು ಕುಡಿದರೂ ಕಿರುಚುತ್ತದೆ ಮಗು. ಸ್ವಲ್ಪ ಜೇನು ಕೊಡಮ್ಮ.”

ಅವಳು ಒಳಗಿನಿಂದ ಮುದ್ರೆ ಬಿದ್ದ ಗಡಿಗೆ ತಂದಿಟ್ಟಳು.

“ಇದಲ್ಲ ತಾಯಿ. ಮೊದಲು ತರುತ್ತಿದ್ದೆಯಲ್ಲ, ಆ ತೆಳು ಜೇನು. ನಾನು ಚಿಕ್ಕವನಿದ್ದಾಗ ನಮ್ಮಜ್ಜಿ ನನ್ನ ನಾಲಿಗೆಗೆ ಸವರುತ್ತಿದ್ದದ್ದು ಅದನ್ನೇ.”

“ಇದ್ದದ್ದನ್ನು ನೀವೇ ಸುರಿಸಿದಿರಲ್ಲ ಸ್ವಾಮಿ. ಈಗ ಹುಳವೂ ಇಲ್ಲ. ಎಲ್ಲಿಗೆ ಹೋದವೋ, ಯಾರಿಗೆ ಗೊತ್ತು?”

ಅಧಿಕಾರಿ ಬರಿಗೈಯಲ್ಲಿ ಮನೆಗೆ ಹೋದ. ಮಗು ಅಳುತ್ತಲೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ತಡೆಯಲಾಗಲಿಲ್ಲ. “ಎಂಥ ಅನ್ಯಾಯ ಗುರುಗಳೇ! ಎಲ್ಲೋ ಕೂತ ಆ ಹತ್ತು ದೇಶದವರು ತಾವು ಕಂಡೇ ಇಲ್ಲದ ಜೇನಿಗೆ ಅಳತೆ ಯಾಕೆ ಗೊತ್ತು ಮಾಡಬೇಕಿತ್ತು?”

“ಅವರು ಕಾಣದೆ ಬರೆದರು ಕಣಯ್ಯ,” ಎಂದರು ಗುರುಗಳು, “ಇವನು ಅದನ್ನು ನೆಕ್ಕಿ ಬೆಳೆದೂ ಬಾಯಿ ಬಿಡಲಿಲ್ಲ.”