ಸೋರೆಬುರುಡೆಯ ಅರ್ಧ ನೀರು

ಭೀಮಾ ನದಿಯ ಎಡದಂಡೆಯಲ್ಲಿ, ಊರಿನಿಂದ ಒಂದು ಹರದಾರಿ ದೂರಕ್ಕೆ, ಛಾವಣಿ ಅರ್ಧ ಕುಸಿದ ಕಲ್ಲುಮಂಟಪವೊಂದಿತ್ತು. ಪೂಜ್ಯ ಶ್ರೀ ಕೇವಲನಾಥರು ತಮ್ಮ ಕೊನೆಯ ಇಪ್ಪತ್ತು ವರ್ಷಗಳನ್ನು ಕಳೆದದ್ದು ಅಲ್ಲಿಯೇ. ಹಾಸಲು ಒಂದು ಕಂಬಳಿ, ಹೊದೆಯಲು ಅದೇ ಕಂಬಳಿಯ ಇನ್ನೊಂದು ಮಗ್ಗುಲು. ಭಕ್ತರು ತಂದ ಜೋಳದ ರೊಟ್ಟಿಗಳಲ್ಲಿ ಒಂದನ್ನು ಸ್ವೀಕರಿಸಿ ಉಳಿದವನ್ನು ಬಂದವರಿಗೆ ಕೊಡಿಸುತ್ತಿದ್ದರು. ಸುತ್ತಲಿನ ಜನ ಅವರನ್ನು ಉಸುಕಿನಪ್ಪಗಳು ಎಂದು ಕರೆಯುತ್ತಿದ್ದರು, ಅದಕ್ಕೆ ಕಾರಣವೂ ಇತ್ತು.

ಹಿಂಗುಲಾ ದೇವಿಯ ಸನ್ನಿಧಿ ಇರುವುದು ಕರಾಚಿಯ ಆಚೆಯ ಮರುಭೂಮಿಯಲ್ಲಿ. ಆ ಕಾಲಕ್ಕೆ ಅಲ್ಲಿಗೆ ಗಾಡಿಯಿಲ್ಲ, ದಾರಿ ಎಂಬುದೂ ಇಲ್ಲ. ಹದಿನೈದು ದಿನ ಮರಳಿನಲ್ಲಿ ಕಾಲ್ನಡಿಗೆಯಲ್ಲೇ ಹೋಗಬೇಕು. ನಾಥರು ಪ್ರಾಯದಲ್ಲಿ ಹನ್ನೊಂದು ಬಾರಿ ಹೋಗಿಬಂದವರು. ಕಾಲು ಸೋತ ಮೇಲೆ, ಹೋಗುವವರನ್ನು ಅಣಿಗೊಳಿಸುವುದನ್ನೇ ದೇವಿಯ ಸೇವೆಯೆಂದು ಕೈಗೆತ್ತಿಕೊಂಡಿದ್ದರು. ಬೇಸಗೆಯಲ್ಲಿ ಭೀಮೆ ಬತ್ತಿ ಒಂದೆಳೆ ನೀರಾದಾಗ ಪಾತ್ರದ ತುಂಬ ಉಸುಕು ಹರಡಿಕೊಳ್ಳುತ್ತಿತ್ತು. ಯಾತ್ರಿಕರು ಚೈತ್ರದಲ್ಲಿ ಬಂದು ಎರಡು ತಿಂಗಳು ಅದರಲ್ಲಿ ನಡೆದು ಕಲಿತು, ದೀಪಾವಳಿ ಕಳೆದ ಮೇಲೆ ಹೊರಡುತ್ತಿದ್ದರು.

ನಡೆಯುವುದರಲ್ಲಿ ಕಲಿಯುವುದೇನಿದೆ ಎಂದು ಮೂಗು ಮುರಿದವರು ಮೂರನೆಯ ದಿನಕ್ಕೆ ಹಿಮ್ಮಡಿ ಬಿರಿದು ಕೂತುಬಿಡುತ್ತಿದ್ದರು. ಇಡೀ ಪಾದವನ್ನು ಮೆಲ್ಲಗೆ ಊರಬೇಕು, ಬಾಯಿ ಮುಚ್ಚಿ ಉಸಿರಾಡಬೇಕು, ನಾಲಗೆಯಡಿ ಹುಣಸೆಬೀಜ ಇಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಕಷ್ಟದ್ದು ನೀರಿನ ಪಾಠ. ಬೆಳಗ್ಗೆ ಒಬ್ಬೊಬ್ಬರ ಸೋರೆಬುರುಡೆಗೂ ನೀರು ತುಂಬಿಸಿ, ಬಾಯಿಗೆ ಜೇನುಮೇಣ ಮೆತ್ತಿ, ಕೆಂಪು ನೂಲು ಸುತ್ತಿ ನಾಥರೇ ಕೊಡುತ್ತಿದ್ದರು. ದಿನಕ್ಕೆ ಅಷ್ಟೇ ನೀರು. ಬಾಯಾರಿದಾಗ ಬಿಚ್ಚಿ ಕುಡಿಯಬಹುದು; ಆದರೆ ತನ್ನ ನೀರನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, ಇನ್ನೊಬ್ಬರದನ್ನು ಕೇಳುವಂತಿಲ್ಲ. ಗಂಡಹೆಂಡಿರಾದರೂ ಅಷ್ಟೆ, ಒಡಹುಟ್ಟಿದವರಾದರೂ ಅಷ್ಟೆ. ಒಬ್ಬರ ನೀರಿನಲ್ಲಿ ಇಬ್ಬರು ಬದುಕಲು ಹೋಗಿ ಇಬ್ಬರೂ ಸತ್ತದ್ದನ್ನು ಕಂಡ ಹಿರಿಯರು ಕಟ್ಟಿದ ವ್ರತ ಅದು. ಸಂಜೆ ನಾಥರು ಪ್ರತಿ ಬುರುಡೆಯನ್ನೂ ಕಿವಿಯ ಬಳಿ ಅಲುಗಿಸಿ, “ಎಷ್ಟು ಉಳಿದೈತಿ?” ಎಂದು ಕೇಳುತ್ತಿದ್ದರು. ನೀರು ಹೊತ್ತವನ ಲೆಕ್ಕವೂ ಅವರ ಕಿವಿಯ ಲೆಕ್ಕವೂ ಕೂಡಿದರೆ ಆ ದಿನದ ಪಾಠ ಮುಗಿಯಿತು.

ಒಂದು ಚೈತ್ರದಲ್ಲಿ ಖಂಡೇರಾವ ಪತಂಗೆ ಎಂಬ ಬಣ್ಣಗಾರ ಅಲ್ಲಿಗೆ ಬಂದ. ಬಟ್ಟೆಯನ್ನು ನೀಲಿಯ ತೊಟ್ಟಿಯಲ್ಲಿ ಅದ್ದಿ ಅದ್ದಿ ಅವನ ಕೈಗಳು ಮೊಣಕೈವರೆಗೂ ನೀಲಿಯಾಗಿದ್ದವು. ಹಿಂಗುಲಾ ದೇವಿ ಅವನ ಮನೆದೇವರು. ಎರಡು ವರ್ಷದ ಹಿಂದೆ ಬೇರೊಂದು ತಂಡದೊಡನೆ, ತಮ್ಮ ಮೋರಪ್ಪನನ್ನೂ ಕರೆದುಕೊಂಡು ಯಾತ್ರೆಗೆ ಹೋಗಿದ್ದ. ದಾರಿಯಲ್ಲಿ ಇಬ್ಬರೂ ತಂಡದಿಂದ ಹಿಂದುಳಿದಾಗ ತಮ್ಮನ ಬುರುಡೆ ಜಾರಿ ಬಿದ್ದು ಒಡೆಯಿತು. ತಮ್ಮ ಬಾಯಾರಿ ಸತ್ತ. ಅಣ್ಣ ವ್ರತ ಮುರಿಯದೆ ಮರಳಿ ಬಂದ. ಬಣ್ಣಗಾರರ ಓಣಿಯವರು ಅವನಿಗೆ ಹಾರ ಹಾಕಿ, ವ್ರತ ಕಾಯ್ದ ಖಂಡೇರಾವ ಎಂದು ಮೆರೆಸಿದರು. ಮೆರೆಸಿದವರಿಗೇನು, ಮೆರೆಸಿ ಮನೆಗೆ ಹೋಗಿ ಉಂಡು ಮಲಗಿದರು.

ಈಗ ಮೋರಪ್ಪನ ಹೆಂಡತಿ ಚಂಪಾಬಾಯಿ ಹಟ ಹಿಡಿದಿದ್ದಳು. ಗಂಡ ಬಿದ್ದ ಜಾಗವನ್ನು ಕಣ್ಣಾರೆ ಕಂಡು, ಅಲ್ಲಿಯೇ ಎಳ್ಳುನೀರು ಬಿಡಬೇಕು. ಇಲ್ಲದಿದ್ದರೆ ಅವನ ಬಾಯಾರಿಕೆ ತೀರುವುದಿಲ್ಲ ಎಂಬುದು ಅವಳ ನಂಬಿಕೆ. ಆ ಜಾಗ ಬಲ್ಲವನು ಭಾವ ಖಂಡೇರಾವ ಒಬ್ಬನೇ. ನಾಥರ ಅಪ್ಪಣೆಯಿಲ್ಲದೆ ಯಾವ ತಂಡವೂ ಹೆಣ್ಣುಮಗಳನ್ನು ಕರೆದೊಯ್ಯುತ್ತಿರಲಿಲ್ಲವಾದ್ದರಿಂದ ಇಬ್ಬರೂ ಮಂಟಪಕ್ಕೆ ಬಂದರು.

“ಈಕಿಗೆ ಕಲಿಸ್ರಿ ಅಪ್ಪಾರ,” ಎಂದ ಖಂಡೇರಾವ. “ನಾ ಹೋಗಿ ಬಂದಾಂವ. ನನಗ ಕಲಿಯೂದು ಏನೂ ಉಳಿದಿಲ್ರಿ.”

“ನೀರು ತುಂಬಿಸ್ಕೋ,” ಎಂದರು ನಾಥರು.

ತುಂಬಿಸಿಕೊಂಡ. ನನಗೆ ಪಾಠ ಹೇಳುವವರಿಗೆ ನಾನೇ ಪಾಠ ಹೇಳುತ್ತೇನೆ ಎಂಬ ಬಿಗುಮಾನದಲ್ಲಿ ದಿನವಿಡೀ ಒಂದು ಹನಿಯನ್ನೂ ಮುಟ್ಟದೆ ನಡೆದ. ಸಂಜೆ ನಾಥರು ಎಂದಿನಂತೆ ಕೇಳಿದಾಗ, “ಬಿಚ್ಚೇ ಇಲ್ರಿ, ತುಂಬೈತಿ,” ಎಂದು ಎದೆಯುಬ್ಬಿಸಿ ಹೇಳಿದ. ಮೇಣ ಹಾಗೆಯೇ ಇತ್ತು, ನೂಲೂ ಹಾಗೆಯೇ ಇತ್ತು. ನಾಥರು ಅಲುಗಿಸಿದರು. ತುಂಬಿದ ಬುರುಡೆ ಸದ್ದು ಮಾಡುವುದಿಲ್ಲ. ಇದರೊಳಗೆ ನೀರು ಕುಲುಕಿತು. ಸರಿಯಾಗಿ ಅರ್ಧವಿತ್ತು.

ಎಲ್ಲೋ ಬಿರುಕಿರಬೇಕೆಂದು ಮಾರನೆಯ ದಿನ ಬೇರೆ ಬುರುಡೆ ಆರಿಸಿಕೊಂಡ. ಅದೂ ಸಂಜೆಗೆ ಅರ್ಧವಾಯಿತು. ಮೂರನೆಯ ದಿನ ತಾಮ್ರದ ತಂಬಿಗೆಯ ಬಾಯಿಗೆ ಮೇಣ ಮೆತ್ತಿಸಿಕೊಂಡು ಹೊತ್ತ. ಅದರಲ್ಲೂ ಉಳಿದದ್ದು ಅರ್ಧವೇ. ಜೊತೆಯ ಯಾತ್ರಿಕರು ಅವನಿಂದ ನಾಲ್ಕು ಮಾರು ದೂರ ನಡೆಯತೊಡಗಿದರು. ಖಂಡೇರಾವನಿಗೆ ಇದೆಲ್ಲ ಸನ್ಯಾಸಿಯ ಕೈಚಳಕವೆಂದು ತೋರಿತು. ನಾಲ್ಕನೆಯ ದಿನ ತಾನೇ ಹೊಳೆಗಿಳಿದು ನೀರು ತುಂಬಿ, ತಾನೇ ಮೇಣ ಮೆತ್ತಿ, ಬುರುಡೆಯನ್ನು ಕೂಸಿನಂತೆ ಎದೆಗವುಚಿಕೊಂಡು ನಡೆದ.

ನಡುಮಧ್ಯಾಹ್ನದ ಆ ಉಸುಕಿನಲ್ಲಿ ಕಾಗೆಯೂ ಹಾರುವುದಿಲ್ಲ. ಕಾಲಡಿಯಲ್ಲಿ ಮುದುಡಿಕೊಂಡ ನೆರಳನ್ನು ಬಿಟ್ಟರೆ ಜೊತೆಗೆ ಯಾರೂ ಇರುವುದಿಲ್ಲ. ಆಗ ಅವನ ಬಲಗಿವಿಯ ಹಿಂದೆ, ಅಂಗೈಯಷ್ಟು ದೂರದಲ್ಲಿ, ಯಾರೋ ಗುಟುಕರಿಸಿದ ಸದ್ದಾಯಿತು. ಅವನು ಗಕ್ಕನೆ ತಿರುಗಿದ. ಚಂಪಾಬಾಯಿ ಒಂದು ಕೂಗಳತೆ ಹಿಂದಿದ್ದಳು. ನಡುವೆ ಬರಿಯ ಉಸುಕು, ಅದರ ಮೇಲೆ ಅವನೊಬ್ಬನದೇ ಹೆಜ್ಜೆ. ಮುಂದೆ ತಿರುಗಿದೊಡನೆ ಮತ್ತೆ ಗುಟುಕು. ಒಂದೊಂದು ಗುಟುಕಿಗೂ ಎದೆಗವುಚಿದ ಬುರುಡೆ ಹಗುರಾಗುವುದು ಅವನ ತೋಳಿಗೆ ತಿಳಿಯುತ್ತಿತ್ತು. ಏಳು ಗುಟುಕಾದ ಮೇಲೆ ಸದ್ದು ನಿಂತಿತು. ಉಳಿದ ಅರ್ಧವನ್ನು ಅವನ ಪಾಲೆಂದು ಬಿಟ್ಟುಕೊಟ್ಟಂತೆ ನಿಂತಿತು. ಹಂಚಿ ತಿನ್ನುವಾಗ ಅಣ್ಣನ ಪಾಲಿಗೆ ಎಂದೂ ಕೈ ಹಾಕದವನು ಮೋರಪ್ಪ. ಖಂಡೇರಾವನಿಗೆ ಅದು ನೆನಪಾಯಿತು.

ಅಂದಿನಿಂದ ಆ ಉಳಿದ ನೀರನ್ನು ಕುಡಿಯಲು ಅವನ ಗಂಟಲು ಒಪ್ಪಲಿಲ್ಲ. ಹಗಲೆಲ್ಲ ಒಣಬಾಯಲ್ಲಿ ನಡೆದು, ಸಂಜೆ ಹೊಳೆಗೆ ಬಾಯಿ ಹಚ್ಚುತ್ತಿದ್ದ. ಕೆನ್ನೆ ಒಳಗಿಳಿಯಿತು. ನಾಥರು ಬಯ್ಯಲಿಲ್ಲ, ಕಾರಣ ಕೇಳಲಿಲ್ಲ, ಮನೆಗೆ ಹೋಗೆಂದೂ ಹೇಳಲಿಲ್ಲ. ದಿನಾ ಸಂಜೆ ಅದೇ ಪ್ರಶ್ನೆ ಕೇಳುವರು. “ಅರ್ಧ,” ಎನ್ನುವನು. ನಾಥರು ತಲೆಯಾಡಿಸಿ ಬುರುಡೆಯನ್ನು ಪಕ್ಕಕ್ಕೆ ಇಡುವರು. ಲೆಕ್ಕ ಕೂಡಿತು ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ.

ವೈಶಾಖದ ಅಮಾವಾಸ್ಯೆ ಬಂತು. ಅಂದು ಚಂಪಾಬಾಯಿ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದಳು. ಬಾಯಾರಿ ಸತ್ತವನಿಗೆ ಬೊಗಸೆ ನೀರು ಎಲ್ಲಿ ಸಾಕಾದೀತು ಎಂದು, ಉಸುಕಿನ ನಡುವೆ ಕುಳಿತು, ಗಂಡನ ಹೆಸರಿನಲ್ಲಿ ಎಳ್ಳಿನೊಡನೆ ತನ್ನ ಇಡೀ ಬುರುಡೆಯನ್ನು ಬರಿದು ಮಾಡಿದ್ದಳು. ಬಿಸಿಲೇರಿದಾಗ ದಂಡೆಯೂ ನೀರಿನ ಎಳೆಯೂ ದೂರವಿರುವಲ್ಲಿ ಕುಸಿದು ಬಿದ್ದಳು. ಮುಂದಿನವರು ಆಗಲೇ ಕಣ್ಮರೆಯಾಗಿದ್ದರು. ಖಂಡೇರಾವ ಓಡಿ ಬಂದು ನೋಡಿದ. ತುಟಿ ಸೀಳಿದೆ, ಕಣ್ಣು ಅರ್ಧ ತೆರೆದಿದೆ, ಪಕ್ಕದಲ್ಲಿ ಬರಿ ಬುರುಡೆ ಹೊರಳಿದೆ. ಅವಳು ಅವನ ಬುರುಡೆಯನ್ನು ನೋಡಿದಳು. ವ್ರತವೆಂದರೆ ವ್ರತ, ಕೇಳಲಿಲ್ಲ.

ಮೋರಪ್ಪನೂ ಹೀಗೆಯೇ ನೋಡಿದ್ದ. ಖಂಡೇರಾವನ ಕೈ ನೂಲಿನ ಗಂಟಿನ ಮೇಲೆ ನಿಂತುಬಿಟ್ಟಿತು. ಹಿಂದಿನಿಂದ ಗುಟುಕಿನ ಸದ್ದು ಬರಲಿಲ್ಲ. ಯಾರೋ ಉಸಿರು ಹಿಡಿದು ಕಾಯುತ್ತಿರುವಂಥ ಸ್ತಬ್ಧತೆಯೊಂದು ಅವನ ಬೆನ್ನಿಗೆ ಆತುಕೊಂಡು ನಿಂತಿತ್ತು. ಅವನಿಗೆ ಅಷ್ಟು ಭಯ ಎಂದೂ ಆಗಿರಲಿಲ್ಲ.

ತಲೆಯೆತ್ತಿದರೆ ಎದುರಿಗೆ ಕೇವಲನಾಥರು ನಿಂತಿದ್ದರು. ಮಂಟಪದ ಮೆಟ್ಟಿಲಿಳಿಯಲೂ ಆಸರೆ ಬೇಕಾದವರು, ಕೋಲೂರಿ ಅಷ್ಟು ದೂರ ಆ ಕೆಂಡದಂಥ ಉಸುಕಿನಲ್ಲಿ ನಡೆದುಬಂದಿದ್ದರು.

“ಎಷ್ಟು ಉಳಿದೈತಿ?” ಎಂದು ಕೇಳಿದರು.

“ಅರ್ಧ ಐತ್ರಿ, ಅಪ್ಪಾರ.”

“ಇವತ್ತಿಂದು ಕೇಳಲಿಲ್ಲ, ಖಂಡೇರಾವ.”

ಎರಡು ವರ್ಷ ಬಾಯಿಗೆ ಹಾಕಿಕೊಂಡ ಬೀಗ ಕಳಚಿತು.

“ಅವತ್ತೂ ಅರ್ಧ ಉಳಿದಿತ್ರಿ,” ಎಂದ. “ತಮ್ಮ ಬಿದ್ದಾಗ ನನ್ನ ಬುರುಡಿ ತುಂಬೇ ಇತ್ತು, ಬಾವಿ ಇನ್ನ ಒಂದು ಹಗಲಿನ ದಾರಿ ಅಂತ ನನಗ ಗೊತ್ತಿತ್ತು. ಇಬ್ಬರಿಗೂ ಸಾಲೂವಷ್ಟು ನೀರಿತ್ತು. ವ್ರತಾ ಅಂತ ಕೊಡಲಿಲ್ಲ ಅಂದೆ ಎಲ್ಲರಿಗೂ. ವ್ರತಾ ಅಲ್ರಿ ಅಪ್ಪಾರ, ಜೀವದ ಆಸೆ. ಬಾವಿ ಕಂಡಾಗ ಬುರುಡಿ ಅರ್ಧ ತುಂಬಿತ್ತು. ಯಾರರೆ ನೋಡ್ಯಾರು ಅಂತ ಬಾವಿ ಹಿಂದಿನ ದಿಬ್ಬದ ಮ್ಯಾಲೆ ಚೆಲ್ಲಿ ಬಂದೆ.”

ಮಾತು ಮುಗಿದ ಮೇಲೆ ಅವನಿಗೆ ಹೊಳೆಯಿತು, ಚಂಪಾಬಾಯಿಯ ಕಣ್ಣು ಪೂರ್ತಿ ತೆರೆದಿತ್ತು.

“ಆಕಿಗೆ ಕೊಡು,” ಎಂದರು ನಾಥರು.

“ವ್ರತಾ, ಅಪ್ಪಾರ?”

“ಪಾಪ ಬಂದ್ರ ನನಗ ಬರಲಿ. ಕೊಡು.”

ಹನ್ನೊಂದು ಯಾತ್ರೆಗಳ ಪುಣ್ಯವನ್ನು ಎರಡು ಮಾತಿನಲ್ಲಿ ಒತ್ತೆಯಿಟ್ಟ ಆ ಮಹಾತ್ಮರನ್ನು ನೆನೆದರೆ ಇಂದಿಗೂ ಕೈ ತಾನಾಗಿ ಮುಗಿಯುತ್ತದೆ. ಖಂಡೇರಾವ ನೂಲು ಹರಿದು ಬುರುಡೆಯನ್ನು ಅವಳ ತುಟಿಗೆ ಹಿಡಿದ. ಅವಳು ಕೂಡಲೇ ಕುಡಿಯಲಿಲ್ಲ. ಅವನ ಮುಖವನ್ನೇ ನೋಡುತ್ತ ಬಹಳ ಹೊತ್ತು ಇದ್ದಳು. ಆಮೇಲೆ ಕುಡಿದಳು, ಕೊನೆಯ ಹನಿಯವರೆಗೂ. ಎದ್ದು ಕೂತು, “ಜಾಗಾ ಯಾವುದು ಹೇಳ್ರಿ ಭಾವ,” ಎಂದಳು. “ನೀವು ಬರೂದು ಬ್ಯಾಡ. ನಾನ ಹೋಗ್ತೀನಿ.”

ಖಂಡೇರಾವ ಗುರುತುಗಳನ್ನೆಲ್ಲ ಹೇಳಿಕೊಟ್ಟ. ಓಣಿಗೆ ಮರಳಿ, ಹಾರ ಹಾಕಿದವರನ್ನೆಲ್ಲ ಕೂಡಿಸಿ ನಡೆದದ್ದನ್ನು ನಡೆದಂತೆ ಹೇಳಿದ. ಅವರು ಮುಖ ತಿರುಗಿಸಿದರು, ಮನೆಗೆ ಕರೆಯುವುದನ್ನೂ ಬಿಟ್ಟರು. ಅವನು ಮಂಟಪಕ್ಕೆ ಬಂದು, ನಾಥರ ಪಾದ ಹಿಡಿದು ಸೇವೆಗೆ ನಿಂತ. ಬುರುಡೆ ತೊಳೆಯುವುದು, ಮೇಣ ಕರಗಿಸುವುದು, ಹೊಸಬರ ಹಿಂದೆ ಕೊನೆಯವನಾಗಿ ನಡೆಯುವುದು ಅವನ ಕೆಲಸವಾಯಿತು. ಗುಟುಕಿನ ಸದ್ದು ಮತ್ತೆ ಕೇಳಲಿಲ್ಲ. ಅದು ಕೇಳದೆ ಹೋದದ್ದೇ ಅವನಿಗೆ ಹೆಚ್ಚಿನ ಸಂಕಟವಾಗಿತ್ತು. ತಮ್ಮ ಈಗ ಎಲ್ಲಿರುವನೋ ಎಂದು ಹಲುಬುತ್ತಿದ್ದ.

ಚಂಪಾಬಾಯಿ ಮರಳಿದ್ದು ಮಾಘಮಾಸದಲ್ಲಿ. ಬಿಸಿಲಿಗೆ ಸುಟ್ಟು ಗುರುತೇ ಸಿಗದಂತಾಗಿದ್ದಳು. ನಾಥರ ಪಾದಕ್ಕೆ ಹಣೆ ಹಚ್ಚಿ, ಪ್ರಸಾದವನ್ನಿಟ್ಟು, ಭಾವನ ಕಡೆ ತಿರುಗಿದಳು.

“ಅವರು ಬಿದ್ದ ಜಾಗಕ್ಕ ಹೋದೆ ಭಾವ. ಅಲ್ಲಿ ಏನೂ ಇರಲಿಲ್ಲ, ಬರೇ ಗಾಳಿ. ಮರುದಿನ ಬಾವಿ ಹಿಂದಿನ ದಿಬ್ಬಾ ಹತ್ತಿದೆ. ಅಲ್ಲಿ ಬೊಗಸಿಯಷ್ಟು ಉಸುಕು ಹಸೀ ಇತ್ತು. ಎರಡು ವರ್ಷದ ಬಿಸಿಲಿಗೂ ಆರಿದ್ದಿಲ್ಲ. ಕೈ ಇಟ್ಟೆ, ತಣ್ಣಗಿತ್ತು. ಅವರು ಅಲ್ಲೇ ಕುಂತಿದ್ರು ಭಾವ, ಆ ನೀರಿನ ಹಂತ್ಯಾಕ. ನಾ ಎಳ್ಳುನೀರು ಬಿಟ್ಟಿದ್ದು ಅಲ್ಲೇ. ನಿಮ್ಮ ಹೆಸರಿಲೆ ಒಂದು ಬೊಗಸಿ, ನನ್ನ ಹೆಸರಿಲೆ ಒಂದು.”

“ಆಮ್ಯಾಲ?” ಎಂದ ಖಂಡೇರಾವ.

“ನಾ ನೋಡ್ತಿದ್ದಂಗನ ಅದು ಆರಿತು,” ಎಂದಳು.

ಖಂಡೇರಾವ ಮುಖ ಮುಚ್ಚಿಕೊಂಡು, ತಮ್ಮನ ಹೆಸರು ಹಿಡಿದು ಅತ್ತ. ಮೋರಪ್ಪ ಸತ್ತಂದಿನಿಂದ ಅತ್ತದ್ದು ಅದೇ ಮೊದಲು. ಪೂಜ್ಯ ನಾಥರು ಕಂಬಳಿಯನ್ನು ಅವನ ಬೆನ್ನ ಮೇಲೆ ಹೊದಿಸಿ, ಅವನ ಅಳು ತೀರುವವರೆಗೂ ಪಕ್ಕದಲ್ಲಿ ಕುಳಿತಿದ್ದರು.