ರಾಣಿ ಉಟ್ಟ ಸೀರೆ

"ಗುರುಗಳೇ, ಮಠದ ಹಾಡು ಕುಣಿತದ ಕೂಟಕ್ಕೆ ಬೇಕಾದದ್ದೆಲ್ಲವನ್ನೂ ತಾವೊಬ್ಬರೇ ಕೊಡುವುದಾಗಿ ಸಾಹುಕಾರರು ಹೇಳಿದ್ದಾರೆ. ಆದರೂ ನಾವೇಕೆ ಮನೆ ಮನೆ ತಿರುಗಿ ಇಲ್ಲೊಂದು ಚಾಪೆ, ಅಲ್ಲೊಂದು ದೀಪ ಕೇಳಬೇಕು?" ಎಂದು ಶಿಷ್ಯ ಕೇಳಿದ.

"ಈ ಪ್ರಶ್ನೆ ಹುಟ್ಟಿದ್ದು ತಲೆಯಲ್ಲೋ, ನೋಯುವ ಕಾಲಿನಲ್ಲೋ?" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ನಾನು ಹುಟ್ಟಿದ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟ ಆಡುತ್ತಿದ್ದರು. ಬಡಿಗ ಕುಣಿಯಲು ಅಟ್ಟ ಕಟ್ಟುತ್ತಿದ್ದ. ಗಾಣಿಗ ದೀಪಕ್ಕೆ ಎಣ್ಣೆ ಕೊಡುತ್ತಿದ್ದ. ರಾಜನ ಕತ್ತಿ ಕಮ್ಮಾರನದು. ರಾಣಿಯೆಂದರೆ ಮೀಸೆ ಬೋಳಿಸಿಕೊಂಡ ಕುಂಬಾರ. ಅವನು ಉಡುತ್ತಿದ್ದದ್ದು ಒಬ್ಬ ಮುದುಕಿಯ ಮದುವೆಯ ರೇಷ್ಮೆ ಸೀರೆ. ಕತ್ತಿ ಬಾಗುತ್ತಿತ್ತು, ರಾಣಿ ಮಾತು ಮರೆಯುತ್ತಿದ್ದಳು. ಆದರೂ ಮಂಗಳ ಹಾಡುವವರೆಗೆ ಒಬ್ಬರೂ ಏಳುತ್ತಿರಲಿಲ್ಲ. ಅಂಥ ಆಟವನ್ನು ಮತ್ತೆ ನಾನೆಲ್ಲೂ ಕಾಣಲಿಲ್ಲ. ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಅದೇ ಊರಿನ ಒಬ್ಬ ವರ್ತಕ ಪಟ್ಟಣದಲ್ಲಿ ಗಳಿಸಿ ಮರಳಿದ. ಒಳ್ಳೆಯ ಮನುಷ್ಯ. "ಇನ್ನ ಯಾರೂ ಏನೂ ತರಬ್ಯಾಡ್ರಿ, ಸುಮ್ನ ಬಂದು ಕುಂತು ನೋಡ್ರಿ" ಎಂದ. ಹೊಸ ಪರದೆ, ಹೊಸ ಒಡವೆ, ಜರಿ ಸೀರೆ ಎಲ್ಲವನ್ನೂ ತರಿಸಿದ. ಜನ ಹೊಗಳಿದರು. ಮರುವರ್ಷ ಅರ್ಧ ಬಯಲು ಖಾಲಿಯಾಯಿತು. ಏಳನೆಯ ವರ್ಷ ನೋಡುವವರಿಗಿಂತ ಆಡುವವರೇ ಹೆಚ್ಚಾದರು.

ವರ್ತಕನಿಗೆ ದುಃಖವಾಯಿತು. ಮುದುಕಿಯ ಮನೆಗೆ ಹೋಗಿ, "ಯಾಕವ್ವಾ, ಆಟಕ್ಕ ಬರೂದ ಬಿಟ್ಟೀಯಲ್ಲ?" ಎಂದು ಕೇಳಿದ.

"ಮೊದಲೆಲ್ಲಾ ರಾಣಿ ನನ್ನ ಲಗ್ನದ ಸೀರಿ ಉಡತಿದ್ಲಪಾ. ಎಲ್ಲಿ ದೀಪಕ್ಕ ತಗಲತೈತೋ, ಎಲ್ಲಿ ಸೆರಗ ತುಳೀತಾಳೋ ಅಂತ ಕಡೀತನಕ ಕಣ್ಣ ಮಿಟಕಸದಂಗ ಕುಂದರತಿದ್ದೆ. ಈಗ ಆಕಿ ಏನರ ಉಡಲಿ, ನನಗೇನು?"

"ತಪ್ಪಾತವ್ವಾ. ಈ ಸಲ ನಿನ್ನ ಸೀರೀನ ಕೊಡು" ಎಂದು ವರ್ತಕ ಕೈಮುಗಿದ.

ಮುದುಕಿಯ ಮುಖ ಅರಳಿತು. ಪೆಟ್ಟಿಗೆ ತೆರೆದು ಸೀರೆ ತೆಗೆದು ಹರವಿದಳು. ಆಟದ ನೆವದಲ್ಲಿ ವರ್ಷಕ್ಕೊಮ್ಮೆ ಗಾಳಿ ಕಾಣುತ್ತಿದ್ದ ಸೀರೆ ಅದು. ಏಳು ವರ್ಷ ಮಡಿಸಿಟ್ಟಲ್ಲೇ ಇದ್ದು, ಮಡಿಕೆ ಮಡಿಕೆಗೂ ಸೀಳಿಹೋಗಿತ್ತು. ಅವಳು ಅದನ್ನು ಮಡಿಲಿಗೆ ಹಾಕಿಕೊಂಡು ಅತ್ತಳು. ವರ್ತಕನೂ ಅತ್ತ.

ಗುರುಗಳು ಕತೆ ನಿಲ್ಲಿಸಿ, ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಎದ್ದರು.

"ಈಗ ಯಾರ ಮನೆಯನ್ನು ಬಿಟ್ಟು ಮುಂದೆ ಹೋಗೋಣ, ನೀನೇ ಹೇಳು."