ಹಾಳೆಯ ಬೆನ್ನು

“ಸಂತೆಯ ಜನ ನನ್ನ ಕೆಲಸಕ್ಕೆ ಅವಮಾನ ಮಾಡಿದರು, ಗುರುಗಳೇ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೇ ಗೊತ್ತಿಲ್ಲದಿದ್ದರೆ ನಾನು ಯಾಕೆ ಒಳ್ಳೆಯದನ್ನು ಮಾಡಬೇಕು?”

ಕೇಳಿದವನು ಬುಟ್ಟಿ ಹೆಣೆಯುವ ಶಿಷ್ಯ. ಮೂರು ಸಂತೆಗಳಿಂದ ಅವನ ಬುಟ್ಟಿಗಳು ಹೋದ ಹಾಗೆಯೇ ಮರಳಿ ಬಂದಿದ್ದವು. ಸಂತೆಯಲ್ಲಿ ಅವನ ಪಕ್ಕ ಕೂತವನು ಹುಳ ತಿಂದ ಬಿದಿರಿನ ಬುಟ್ಟಿಗೆ ಕೆಂಪು ಬಣ್ಣ ಬಳಿದು ಎಲ್ಲವನ್ನೂ ಮಾರಿದ್ದ. ಈ ವಾರ ಶಿಷ್ಯನೂ ಬಣ್ಣ ಬಳಿದಿದ್ದ. ಬುಟ್ಟಿಗಳು ಅಂಗಳದಲ್ಲಿ ಒಣಗುತ್ತಿದ್ದವು.

ಗುರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಂಗಡಿ ಬೋರ್ಡುಗಳನ್ನು ನೋಡಿ ನೋಡಿ ಓದು ಕಲಿತವರು. ಮಾತನ್ನು ಸುತ್ತಿ ಬಳಸಿ ಆಡುವುದು ಅವರಿಗೆ ಗೊತ್ತಿರಲಿಲ್ಲ. ಅಂಗಳದ ಕಡೆಗೆ ಒಮ್ಮೆ ನೋಡಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಅಕ್ಷರಗಳನ್ನು ಗುಜರಿಗೆ ಹಾಕಿದರು. ಮೊದಲು ಆ ತಪ್ಪನ್ನು ಹೇಳಿಬಿಡುತ್ತೇನೆ. ಊರಿನ ಅಚ್ಚುಕೂಟದ ಯಜಮಾನ ಹೊಸ ಯಂತ್ರ ತಂದ. ಐವತ್ತು ವರ್ಷ ಆ ಊರಿನ ಮದುವೆ, ನಾಮಕರಣ, ತಿಥಿ, ಚುನಾವಣೆ ಎಲ್ಲವನ್ನೂ ಊರಿಗೆ ಸಾರಿದ್ದ ಸೀಸದ ಅಚ್ಚುಮೊಳೆಗಳನ್ನು ಗೋಣಿಚೀಲಕ್ಕೆ ತುಂಬಿ ತೂಕಕ್ಕೆ ಮಾರಿದ. ಕೊಂಡವರು ಕರಗಿಸಿ ಮೀನಿನ ಬಲೆಗೆ ಕಟ್ಟುವ ಗುಂಡು ಮಾಡಿದರು. ಊರಿನಲ್ಲಿ ಓದಿದವರು ಬೇಕಾದಷ್ಟಿದ್ದರು. ಒಬ್ಬನೂ ಬೇಡ ಎನ್ನಲಿಲ್ಲ.

ಆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಒಬ್ಬ ಹೆಂಗಸಿದ್ದಳು. ಹತ್ತೊಂಬತ್ತು ವರ್ಷ ನಿಂತೇ ಕೆಲಸ ಮಾಡಿದ್ದಳು. ಅಕ್ಷರಗಳನ್ನು ತಲೆಕೆಳಗಾಗಿ, ಹಿಂದುಮುಂದಾಗಿ ಓದುವುದು ಅವಳಿಗೆ ನೇರ ಓದಿಗಿಂತ ಸುಲಭವಾಗಿತ್ತು. ಕೆಲಸ ಬಿಡಿಸುವ ದಿನ ಯಜಮಾನ ಶಾಲು ತರಿಸಿದ್ದ. ಅವಳು ಶಾಲನ್ನು ಮುಟ್ಟಲಿಲ್ಲ. ಮಾರದೆ ಉಳಿದಿದ್ದ ನಾಲ್ಕು ಪೆಟ್ಟಿಗೆ ಮೊಳೆಗಳನ್ನೂ, ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ, ಕಾಲಿನಿಂದ ತುಳಿಯುವ ಹಳೆಯ ಅಚ್ಚಿನ ಯಂತ್ರವನ್ನೂ ಕೊಡಿ ಎಂದಳು.

ಯಜಮಾನ ನಕ್ಕ. “ಇದನ್ನ ತಗೊಂಡು ಹೋಗಿ ಉಪ್ಪಿನಕಾಯಿ ಹಾಕ್ತೀಯೇನಮ್ಮಾ?”

ಅವಳು ಎರಡನ್ನೂ ಗಾಡಿಗೆ ಹೇರಿಸಿಕೊಂಡು ಹೋದಳು. ಮನೆಯ ಹಿತ್ತಲ ಕೋಣೆಯಲ್ಲಿ ಯಂತ್ರ ನಿಲ್ಲಿಸಿದಳು. ಸೀಮೆಎಣ್ಣೆ ಹಾಕಿ ತುಕ್ಕು ತೆಗೆದಳು. ಅವಳಿಗೆ ಸಿಕ್ಕ ಮೊದಲ ಕೆಲಸ ನೆರೆಮನೆಯವಳ ಉಪ್ಪಿನಕಾಯಿ ಶೀಷೆಗೆ ಅಂಟಿಸುವ ಚೀಟಿ. ಚೀಟಿಯ ಅಡಿಯಲ್ಲಿ, ಇದ್ದುದರಲ್ಲೇ ಸಣ್ಣ ಮೊಳೆಯಲ್ಲಿ, ತನ್ನ ಅಚ್ಚುಕೂಟದ ಹೆಸರನ್ನೂ ತನ್ನ ಹೆಸರನ್ನೂ ಹಾಕಿದಳು. ಹತ್ತೊಂಬತ್ತು ವರ್ಷದಲ್ಲಿ ಊರಿನವರ ಹೆಸರನ್ನೆಲ್ಲ ಜೋಡಿಸಿದ್ದಳು. ತನ್ನದನ್ನು ಜೋಡಿಸಿದ್ದು ಅದೇ ಮೊದಲು. ಕೆಲಸ ಮುಗಿದ ಮೇಲೆ ಮೊಳೆಗಳನ್ನು ಬಿಡಿಸಿ ಅವುಗಳ ಖಾನೆಗೆ ಮರಳಿ ಹಾಕುವುದು ಪದ್ಧತಿ. ಎಲ್ಲವನ್ನೂ ಹಾಕಿದಳು. ಆ ಒಂದು ಸಾಲನ್ನು ಮಾತ್ರ ಬಿಡಿಸಲಿಲ್ಲ. ದಾರ ಸುತ್ತಿ ಇಟ್ಟುಕೊಂಡಳು.

ಮರುದಿನ ಚೀಟಿ ಅಂಟಿಸಿದ ಒಂದು ಶೀಷೆಯನ್ನು ಯಜಮಾನನ ಮೇಜಿನ ಮೇಲೆ ಇಟ್ಟು ಬಂದಳು.

ಅವಳದು ಒಂದೇ ಪರೀಕ್ಷೆ. ಯಾವ ಕೆಲಸವಾದರೂ ಮೊದಲ ಹಾಳೆಯನ್ನು ತಿರುಗಿಸಿ, ಬೆನ್ನಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ಅಕ್ಷರ ಮುಂದೆ ಕಪ್ಪಗೆ, ತುಂಬಿ ಕೂತಿರಬೇಕು. ಹಿಂದೆ ಬೆರಳಿಗೆ ಏನೂ ಸಿಗಬಾರದು. ಉಬ್ಬು ಸಿಕ್ಕರೆ ಒತ್ತಡ ಹೆಚ್ಚಾಗಿದೆ ಎಂದು ಅರ್ಥ. ಆಗ ಕಾಗದದ ಅಡಿಗೆ ಇಟ್ಟ ಮೆತ್ತೆಯಿಂದ ಒಂದು ಹಾಳೆ ತೆಗೆಯುತ್ತಿದ್ದಳು. ಮತ್ತೆ ತುಳಿದು, ಮತ್ತೆ ತಿರುಗಿಸಿ, ಮತ್ತೆ ಮುಟ್ಟುತ್ತಿದ್ದಳು. ಬೆರಳಿಗೆ ಏನೂ ಸಿಗದಿದ್ದಾಗ ಒಬ್ಬಳೇ ನಗುತ್ತಿದ್ದಳು.

ಒಂದು ದಿನ ಪಟ್ಟಣದ ವ್ಯಾಪಾರಿ ಬಂದ. ಕೈಯಲ್ಲಿ ಅಚ್ಚು ಮಾಡಿದ ಮದುವೆ ಕರೆಯೋಲೆಗೆ ಪಟ್ಟಣದಲ್ಲಿ ಈಗ ಬೇಡಿಕೆ ಇದೆ ಎಂದ. ಐನೂರು ಮಾಡಿಕೊಡು, ಮೆಚ್ಚಿದರೆ ಇಡೀ ವರ್ಷದ ಕೆಲಸ ನಿನ್ನದೇ ಎಂದ. ಅಷ್ಟು ಕೆಲಸ ಬಂದರೆ ಬೀದಿಗೆ ಮುಖ ಮಾಡಿದ ಒಂದು ಕೋಣೆ ಹಿಡಿದು ಬೋರ್ಡು ಹಾಕಬಹುದಿತ್ತು. ಅವಳಿಗೆ ಬೇಕಾಗಿದ್ದುದು ಅಷ್ಟೇ. ಆದರೆ ವ್ಯಾಪಾರಿಯದು ಒಂದು ಷರತ್ತು. ಅಕ್ಷರಗಳು ಕಾಗದದಲ್ಲಿ ಗುಳಿ ಬೀಳುವಂತೆ ಇಳಿಯಬೇಕು.

“ನಮ್ಮ ಗಿರಾಕಿ ಓದೋದಿಲ್ಲಮ್ಮಾ, ತಡವಿ ನೋಡ್ತಾನೆ. ಬೆರಳಿಗೆ ಗುಳಿ ಸಿಗಲಿಲ್ಲ ಅಂದ್ರೆ ಇದು ಕೈಕೆಲಸ ಅಂತ ಅವನು ನಂಬೋದು ಹೇಗೆ? ಹಿಂದುಗಡೆ ಯಾರು ನೋಡ್ತಾರೆ?”

ಅವಳು ಒಪ್ಪಿದಳು. ಯಜಮಾನನ ತಪ್ಪು ಹೇಳಿದವನು ಅವಳ ತಪ್ಪನ್ನೂ ಹೇಳಬೇಕು.

ಮೆತ್ತೆಗೆ ನಾಲ್ಕು ಹಾಳೆ ಸೇರಿಸಿ ಬಲವಾಗಿ ತುಳಿದಳು. ಗುಳಿ ಬಿತ್ತು. ಅರವತ್ತನೆಯ ಕರೆಯೋಲೆಯಲ್ಲಿ ಮದುಮಗಳ ಹೆಸರಿನ ಕೆಳಗಿನ ಒತ್ತಕ್ಷರ ಚಪ್ಪಟೆಯಾಗಿತ್ತು. ಒತ್ತಕ್ಷರದ ಮೊಳೆ ತೆಳ್ಳಗಿರುತ್ತದೆ. ಮೊದಲು ಸಾಯುವುದು ಅದೇ. ಬೇರೆ ಮೊಳೆ ಹಾಕಿದಳು. ನೂರು ತುಂಬುವುದರೊಳಗೆ ಅದೂ ಹೋಯಿತು. ಆ ಒತ್ತಕ್ಷರ ಅವಳ ಬಳಿ ಇದ್ದುದು ಐದು. ಈಗ ಮೂರು. ಅದನ್ನು ಎರಕ ಹೊಯ್ದು ಕೊಡುವವರು ಯಾರೂ ಉಳಿದಿರಲಿಲ್ಲ. ಆ ಮೂರೂ ಹೋದರೆ, ಆ ಹೆಸರಿನ ಯಾವ ಹೆಣ್ಣುಮಗಳ ಮದುವೆಯನ್ನೂ ಅವಳು ಇನ್ನು ಅಚ್ಚು ಮಾಡುವಂತಿರಲಿಲ್ಲ.

ಚಪ್ಪಟೆಯಾದ ಎರಡು ಮೊಳೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತಳು. ಯಜಮಾನ ಗುಜರಿಗೆ ಹಾಕಿ ಮಾಡಿದ್ದನ್ನು ತಾನು ಕಾಲಿನಿಂದ ತುಳಿದು ಮಾಡುತ್ತಿದ್ದೇನೆ ಎಂದು ಅವಳಿಗೆ ತಿಳಿಯಿತು.

ಯಂತ್ರ ನಿಲ್ಲಿಸಿದಳು. ಗುಳಿ ಬೀಳಿಸಿ ಕೊಡಲಾರೆ ಎಂದು ವ್ಯಾಪಾರಿಗೆ ಹೇಳಿಕಳಿಸಿದಳು. ಅವನು ಬಂದು ಕೂಗಾಡಿದ. ಜಂಬ ಹೊಟ್ಟೆ ತುಂಬಿಸುವುದಿಲ್ಲ ಎಂದ. ಬೇರೆಯವರ ಹತ್ತಿರ ಹೋದ.

ಅಂದಿನಿಂದ ಅವಳು ಒಂದು ಕೆಲಸ ಶುರು ಮಾಡಿದಳು. ಗುಳಿ ಬಿದ್ದ ಕರೆಯೋಲೆಗಳನ್ನು ಬಾಗಿಲ ಬಳಿ ಇಟ್ಟಳು. ಚೀಟಿಗೆ ಬಂದವರಿರಲಿ, ರಸೀದಿ ಪುಸ್ತಕಕ್ಕೆ ಬಂದವರಿರಲಿ, ಅವರ ಒಂದು ಕೈಗೆ ಆ ಕರೆಯೋಲೆ, ಇನ್ನೊಂದು ಕೈಗೆ ತನ್ನ ಒಳ್ಳೆಯ ಹಾಳೆ ಕೊಡುತ್ತಿದ್ದಳು. ಎರಡನ್ನೂ ತಿರುಗಿಸಿ ಬೆನ್ನು ಮುಟ್ಟಿ ನೋಡಿ ಎನ್ನುತ್ತಿದ್ದಳು. ಮೊದಲನೆಯದು ತಾನೇ ಮಾಡಿದ ತಪ್ಪು ಎಂದೂ ಹೇಳುತ್ತಿದ್ದಳು. ಮುಚ್ಚಿಡಲಿಲ್ಲ. ನಗುವವರು ನಕ್ಕರು. ಉಪ್ಪಿನಕಾಯಿಯವಳು ತನ್ನ ಗಿರಾಕಿಗಳಿಗೆ ಹೇಳಿದಳು. ಹಾಲಿನವನು ಮನೆ ಮನೆಗೆ ಹೇಳಿದ. ಎರಡು ವರ್ಷದಲ್ಲಿ ಆ ಊರಿನ ಜನರಿಗೆ ಒಂದು ಚಾಳಿ ಹತ್ತಿಕೊಂಡಿತು. ಯಾರ ಮದುವೆಯ ಕರೆಯೋಲೆ ಬಂದರೂ ಮೊದಲು ತಿರುಗಿಸುವುದು, ಹೆಬ್ಬೆರಳು ಆಡಿಸುವುದು, ಆಮೇಲೆ ಯಾರ ಮದುವೆ ಎಂದು ನೋಡುವುದು.

ಒಮ್ಮೆ ಆ ಊರಿನವರು ಪಟ್ಟಣದ ಒಂದು ದೊಡ್ಡ ಮನೆಗೆ ಬೀಗರಾಗಿ ಹೋದರು. ವ್ಯಾಪಾರಿ ಮಾಡಿಸಿಕೊಟ್ಟಿದ್ದ ಕರೆಯೋಲೆ ಅವರ ಕೈಗೆ ಬಂತು. ತಿರುಗಿಸಿದರು. ಬೆನ್ನಿಗೆ ಸಿಡುಬು ಎದ್ದಿದೆಯಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದರು.

ಆ ಮನೆಯವರಿಂದ ಬೈಸಿಕೊಂಡು ವ್ಯಾಪಾರಿ ಮರಳಿ ಬಂದ. ಅವಳು ಒಂದು ಹಾಳೆ ಕೊಟ್ಟಳು. ಅವನು ಬೆನ್ನು ತಡವಿದ, ಮತ್ತೆ ತಡವಿದ.

“ಏನೂ ಸಿಗ್ತಾ ಇಲ್ಲವಲ್ಲಮ್ಮಾ,” ಎಂದ.

“ಅದೇ ನನ್ನ ಕೆಲಸ, ಸಾಹುಕಾರ್ರೇ,” ಎಂದಳು.

ಈ ಸಲ ಷರತ್ತು ಅವಳದು. ದಿನಕ್ಕೆ ಇನ್ನೂರೇ ಹಾಳೆ. ಒತ್ತಡ ಅವಳು ಹೇಳಿದಷ್ಟೇ. ದಾರ ಸುತ್ತಿ ಇಟ್ಟ ಆ ಸಾಲು ಪ್ರತಿ ಕರೆಯೋಲೆಯ ಅಡಿಯಲ್ಲೂ ಇರಬೇಕು. ವ್ಯಾಪಾರಿ ತಲೆಯಾಡಿಸಿದ. ಬೀದಿಗೆ ಮುಖ ಮಾಡಿದ ಕೋಣೆಯ ಮೇಲೆ ಈಗ ಬೋರ್ಡು ಇದೆ. ಐದರಲ್ಲಿ ಉಳಿದ ಆ ಮೂರು ಮೊಳೆಗಳು ಇಂದಿಗೂ ತಮ್ಮ ಖಾನೆಯಲ್ಲಿವೆ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ತಲೆ ತಗ್ಗಿಸಿ ಹೇಳಿದ: “ಆ ಊರಿನ ಜನರಿಗೆ ಹೇಳಿಕೊಡಲು ಅವಳಿದ್ದಳು, ಗುರುಗಳೇ. ನಮ್ಮ ಸಂತೆಯ ಜನರಿಗೆ ಹೇಳಿಕೊಡಲು ಯಾರಿದ್ದಾರೆ?”

ಗುರು ಎದ್ದು ಅಂಗಳಕ್ಕೆ ಹೋದರು. ಒಂದು ಕೆಂಪು ಬುಟ್ಟಿ ತಂದು ಶಿಷ್ಯನ ತೊಡೆಯ ಮೇಲೆ ಬೋರಲು ಹಾಕಿದರು.

“ಬಣ್ಣ ಕೆರೆದು ತೆಗೆ. ಬುಡ ಮೇಲೆ ಮಾಡಿ ಕೊಳ್ಳುವವನ ಕೈಗೆ ಕೊಡು, ಮುಟ್ಟಿ ನೋಡು ಎನ್ನು.”